ಅಡುಗೆಮನೆಯ ಆರು ಬಾಗಿಲು

ಎನ್.ಆರ್. ಕಾಲೋನಿ, ಬೆಂಗಳೂರು – ೧೯
ಸೋಮವಾರ, ೮-೨-೧೯೯೯

ಪ್ರೀತಿಯ ಸುಪ್ರಜಾ,

ನಿನಗೆ ಅತ್ತೆಯ ಆಶೀರ್ವಾದ, ಪುಟ್ಟ ಆರಾಧನಾಗೆ ಅಜ್ಜಿಯ ಆಶೀರ್ವಾದ, ಎರಡೂ ಒಂದೇ ಲಕೋಟೆಯಲ್ಲಿ ಬರುತ್ತಿವೆ, ಹಂಚಿಕೊಳ್ಳಿ. ನಿನ್ನ ಸೊಂಟದ ನೋವು ಹೇಗಿದೆ? ಸಂಜೆ ಹೊತ್ತು ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಬಾಣಂತಿಯರಿಗೆ ಐದು ತಿಂಗಳಾದರೂ ಗಾಳಿ ಆಗುವುದಿಲ್ಲ. ಈಗಿನವರು ನಗುತ್ತೀರಿ, ಐವತ್ತು ವರ್ಷಕ್ಕೆ ಗೊತ್ತಾಗುತ್ತದೆ. ಸಂಕ್ರಾಂತಿಯ ದಿನ ಮಗುವಿಗೆ ಎಲಚಿಹಣ್ಣು ಎರೆದ ಫೋಟೋವನ್ನು ಕಶ್ಯಪ ತಂದು ತೋರಿಸಿದ. ಸುತ್ತ ಎಲ್ಲರೂ ನಗುತ್ತಿದ್ದೀರಿ, ಅವಳೊಬ್ಬಳು ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದಾಳೆ. ಅದು ನೀನು ನೋಡದ ನಿನ್ನ ಮಾವನವರ ಹುಬ್ಬು, ತಪ್ಪಿಸುವ ಹಾಗಿಲ್ಲ. ನಿಮ್ಮ ತಾಯಿಯವರ ಮಂಡಿ ನೋವಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಲು ಹೇಳು. ನಾನು ಗಟ್ಟಿಮುಟ್ಟಾಗಿದ್ದೇನೆ. ಬಲಗೈ ಹೆಬ್ಬೆರಳಿಗೆ ಒಂದು ಬಟ್ಟೆ ಸುತ್ತಿದೆ ಅಷ್ಟೆ. ಅದರ ಕಥೆ ಮುಂದೆ ಬರುತ್ತದೆ.

ಫೋನಿರುವಾಗ ಕಾಗದ ಏಕೆ ಎನ್ನುತ್ತೀಯ. ಫೋನಿನಲ್ಲಿ ನಾವಿಬ್ಬರೂ ಮಾತಾಡುವ ಚೆಂದ ಇಬ್ಬರಿಗೂ ಗೊತ್ತಿದೆ. ಊಟ ಆಯಿತಾ ಎಂದು ನಾನು ಕೇಳುತ್ತೇನೆ, ಆಯಿತು ಅತ್ತೆ ಎನ್ನುತ್ತೀಯ. ಮಗು ಮಲಗಿದೆಯಾ ಎನ್ನುತ್ತೇನೆ, ಮಲಗಿದೆ ಅತ್ತೆ ಎನ್ನುತ್ತೀಯ. ಆಮೇಲೆ ಇಬ್ಬರಿಗೂ ಮಾತು ಖಾಲಿ. ಹದಿನೈದು ದಿನದ ಹಿಂದೆ, ತುಮಕೂರಿನಿಂದ ನಿನ್ನನ್ನು ನೋಡಿಕೊಂಡು ಬಂದ ಕಶ್ಯಪ ಊಟಕ್ಕೆ ಕೂತವನು ತಟ್ಟೆಯಿಂದ ಮುಖ ಎತ್ತದೆ ಎಲ್ಲ ಹೇಳಿದ. ನಿನ್ನ ರಜೆ ತಿಂಗಳ ಕೊನೆಗೆ ಮುಗಿಯುತ್ತದೆ, ತುಮಕೂರಿನ ಶಾಖೆಗೆ ವರ್ಗ ಕೇಳಿ ಅರ್ಜಿ ಬರೆದಿಟ್ಟಿದ್ದೀಯ, ಹದಿನೈದನೇ ತಾರೀಕಿನೊಳಗೆ ಬ್ಯಾಂಕಿಗೆ ಕೊಡಬೇಕು, ಒಂದು ಸಲ ವರ್ಗವಾದರೆ ಮೂರು ವರ್ಷ ಅಲ್ಲಿಯೇ. ಯಾಕಂತೆ ಎಂದೆ. "ಆ ಅಡುಗೆಮನೆಗೆ ಅವಳು ವಾಪಸ್ ಬರಲ್ವಂತಮ್ಮ" ಅಂದ. ಸಾರು ಬಡಿಸುತ್ತಿದ್ದವಳು ಸಾರು ಬಡಿಸಿದೆ. ನಿನ್ನ ಮೇಲೆ ಕೋಪ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಎರಡು ದಿನ ಚೆನ್ನಾಗಿಯೇ ಬಂತು. ಈಗ ಇಲ್ಲ. ಆದ್ದರಿಂದ ಆ ಅಡುಗೆಮನೆಯ ಸಮಾಚಾರವನ್ನೇ ಬರೆಯುತ್ತಿದ್ದೇನೆ, ಬೇಸರವಿಲ್ಲದೆ ಓದು.

ಕಟ್ಟೆಯ ಕೆಳಗೆ ನಾಲ್ಕು, ಗೋಡೆಯಲ್ಲಿ ಎರಡು, ಒಟ್ಟು ಆರು ಕಪಾಟಿನ ಬಾಗಿಲು ನಮ್ಮದು. ಅವು ಅರವತ್ತೊಂದನೇ ಇಸವಿಯವು, ಮನೆ ಕಟ್ಟಿದಾಗಿನ ಮತ್ತಿ ಮರ. ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಬೇಳೆ ಡಬ್ಬಿಗೆಂದು ಎಳೆದೆ ನೋಡು, ಬಾಗಿಲು ಕೀಲಿನ ಸಮೇತ ನನ್ನ ಕೈಗೆ ಬಂತು. ಉಳಿದವನ್ನು ಅಲ್ಲಾಡಿಸಿದೆ, ಎಲ್ಲದರ ಕೆಳಗಂಚೂ ಪುಡಿಪುಡಿ. ಗೆದ್ದಲು ಎಂದುಕೊಂಡೆ. ಒಳಗಿನ ಕಡಪ ಕಲ್ಲು ಸರಿಯಾಗಿದೆ, ತೇಗದ ಚೌಕಟ್ಟೂ ಗಟ್ಟಿ, ಬಾಗಿಲಷ್ಟೇ ಹೋಗಿದೆ. ಕಶ್ಯಪ ಬಡಗಿಯನ್ನು ಕರೆಸುತ್ತೇನೆ ಎಂದ. ಬಡಗಿ ಬಂದು ವಾರಗಟ್ಟಲೆ ನನ್ನ ಮಡಿ ಅಡುಗೆಮನೆಯಲ್ಲಿ ಓಡಾಡುವುದೇ? ಬೇಡ, ನಾನೇ ಮಾಡುತ್ತೇನೆ ಎಂದೆ. ನಕ್ಕ. ಅವನು ನಕ್ಕದ್ದೇ ತಪ್ಪಾಯಿತು, ಅಲ್ಲಿಗೆ ನನ್ನ ಹಠ ಗಟ್ಟಿಯಾಯಿತು. ರವಿಕೆ ಕತ್ತರಿಸಿ ಹೊಲಿಯುವವಳಿಗೆ ಹಲಗೆ ಕತ್ತರಿಸಿ ಜೋಡಿಸುವುದು ಏನು ಮಹಾ!

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನೀನು ಈ ಮನೆಗೆ ಮರಳಲು ಹಿಂಜರಿಯುತ್ತೀಯ ಎಂಬ ಅನುಮಾನ ಕಶ್ಯಪ ಹೇಳುವ ಮೊದಲೇ ನನಗಿತ್ತು. ಎಂಥ ಬಾಗಿಲು ಹಾಕಿಸಿದರೆ ನೀನು ಮುಟ್ಟಿದರೂ ಮೈಲಿಗೆ ತಗಲುವುದಿಲ್ಲ ಎಂದು ನಾನು ಆಗಲೇ ಲೆಕ್ಕ ಹಾಕುತ್ತಿದ್ದೆ. ನನ್ನ ಮಡಿಯೂ ಉಳಿಯಬೇಕು, ನೀನೂ ಆಫೀಸಿನಿಂದ ಬಂದ ಬಟ್ಟೆಯಲ್ಲೇ ಬಾಗಿಲು ತೆಗೆಯುವಂತಿರಬೇಕು. ಸರಿಯಾದ ಸಾಮಾನು ಸಿಕ್ಕರೆ ಸೊಸೆ ಬರುತ್ತಾಳೆ ಎಂಬುದು ನನ್ನ ಎಣಿಕೆ. ಚಾಮರಾಜಪೇಟೆಗೆ ಹೋಗಿ ನಿನ್ನ ಮಾವನವರ ಅಕ್ಕ ಗಿರಿಜಾಂಬಾ ಅವರನ್ನೇ ಕೇಳಿದೆ. ಎಪ್ಪತ್ತೆಂಟಾದರೂ ಮಡಿಯ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ. ಕಲ್ಲು, ಲೋಹ, ಗಾಜು ಒರೆಸಿದರೆ ಶುದ್ಧ, ಮರ ಹೀರಿಕೊಳ್ಳುತ್ತದೆ, ತೊಳೆಯಲೇಬೇಕು ಎಂದರು. ಹಾಗಾದರೆ ಪ್ಲೈವುಡ್? ಅಂಟು ಯಾವುದು ಕೇಳು ಎಂದರು. ಹಿಂದೆ ಬಡಗಿಗಳು ಮರಕ್ಕೆ ಹಚ್ಚುತ್ತಿದ್ದ ಸರೇಸು ದನದ ಚರ್ಮ, ಮೂಳೆ ಕುದಿಸಿ ಮಾಡಿದ್ದಂತೆ, ಅದು ದೇವರ ಮನೆಯ ಪಕ್ಕದ ಅಡುಗೆಮನೆಗೆ ಹೇಗೆ ಬಂದೀತು? ಹಿತ್ತಾಳೆ ತಗಡು ಹೊಡೆಸಿಬಿಡು, ಹುಣಸೆಹಣ್ಣು ಹಾಕಿ ತಿಕ್ಕಿದರೆ ಆಯಿತು ಎಂದು ಅವರ ತೀರ್ಮಾನ. ಆರು ಬಾಗಿಲಿಗೆ ಹಿತ್ತಾಳೆ ಹೊಡೆಸಿದರೆ ತಿಕ್ಕುವವರು ಯಾರು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಅಲ್ಲಿಂದ ಆಟೋ ಹಿಡಿದು ಅಕ್ಕಿಪೇಟೆ ಹಿಂದಿನ ಗಲ್ಲಿಯ ಪ್ಲೈವುಡ್ ಅಂಗಡಿಗೆ ಹೋದೆ. ಆಟೋದವನು ದಾರಿ ತಪ್ಪಿ ಸುಲ್ತಾನ್‌ಪೇಟೆಗೆ ನುಗ್ಗಿಸಿದ. ನಿಮ್ಮ ಮದುವೆಯ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಅಂಗಡಿಯ ಮುಂದೆಯೇ ಹಾದು ಬಂದೆ. ಪ್ಲೈವುಡ್ ಅಂಗಡಿಯಲ್ಲಿ ಹಲಗೆ ಕೊಯ್ಯುವವರು ಬೈರಯ್ಯ ಎಂದು, ನನಗಿಂತ ಒಂದೆರಡು ವರ್ಷ ಚಿಕ್ಕವರಿರಬೇಕು, ತಲೆ ಪೂರ್ತಿ ಬೆಳ್ಳಗೆ. ಅಂಟಿನ ವಿಷಯ ಮೊದಲು ಕೇಳಿದೆ. ಈಗೆಲ್ಲ ಕಾರ್ಖಾನೆಯ ಔಷಧಿ ಅಂಟು, ಮೂಳೆಗೀಳೆ ಇಲ್ಲ ಎಂದರು. ನಾನು ಹಲಗೆಗಳನ್ನು ನೋಡಿ ಹಾಗೇ ನಂಬುವವಳಲ್ಲ. ಒಂದೊಂದರದೂ ಅಂಗೈಯಗಲದ ತುಂಡು ಕೊಡಿ, ಪರೀಕ್ಷೆ ಮಾಡಿ ಆಮೇಲೆ ಹೇಳುತ್ತೇನೆ ಎಂದೆ. ಅವರು ಒಂದು ಚೀಲ ತುಂಬ ಕೊಟ್ಟರು.

ಆ ಒಂದು ವಾರ ನಮ್ಮ ಹಿತ್ತಲನ್ನು ನೀನು ನೋಡಬೇಕಿತ್ತು. ತುಂಡುಗಳನ್ನೆಲ್ಲ ಬಕೆಟ್ಟಿನಲ್ಲಿ ಮುಳುಗಿಸಿದೆ. ಮರದ ಪುಡಿ ಅಂಟಿಸಿ ಮಾಡಿದ ಹಲಗೆ ಎಲ್ಲಕ್ಕಿಂತ ಅಗ್ಗ, ನೋಡಲು ನುಣುಪು. ಮಾರನೇ ಬೆಳಗ್ಗೆಗೆ ನೆನೆದ ಅವಲಕ್ಕಿಯ ಹಾಗೆ ಉಬ್ಬಿತ್ತು. ಸಾಧಾರಣ ಪ್ಲೈವುಡ್ ಮೂರನೇ ದಿನ ಪದರ ಬಿಟ್ಟಿತು. ಪ್ಲಾಸ್ಟಿಕ್ ಬಾಗಿಲಿನ ತುಂಡಿಗೆ ನೀರಿನಿಂದ ಏನೂ ಆಗಲಿಲ್ಲ. ಅದನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದೆ, ಸೊಟ್ಟಗಾಯಿತು. ತೇಗ ಚೆನ್ನ, ಆದರೆ ಗಿರಿಜಾಂಬಾ ಅವರ ಪ್ರಕಾರ ಹೀರಿಕೊಳ್ಳುವ ಜಾತಿ, ಮೇಲಾಗಿ ನನ್ನ ಕೈಗೆ ಭಾರ. ಕೊನೆಗೆ ನೀರಿಗೆ ಜಗ್ಗದ ಪ್ಲೈವುಡ್ ಒಂದೇ ಐದನೇ ದಿನವೂ ಹಾಗೇ ಇತ್ತು. ಅದಕ್ಕೆ ಎರಡೂ ಕಡೆ ಸನ್‌ಮೈಕ ಹಾಳೆ ಅಂಟಿಸುವುದು ಎಂದು ನಿಶ್ಚಯ ಮಾಡಿದೆ. ಒಂದೇ ಕಡೆ ಅಂಟಿಸಿದರೆ ಹಲಗೆ ಬಾಗುತ್ತದೆಯಂತೆ, ಬೈರಯ್ಯ ಹೇಳಿದ್ದು. ಸನ್‌ಮೈಕದಲ್ಲೂ ಹೊಳಪಿಲ್ಲದ್ದು ಈಗಿನ ಫ್ಯಾಷನ್, ಆದರೆ ಅರಿಸಿನದ ಎಣ್ಣೆ ಸವರಿ ರಾತ್ರಿ ಬಿಟ್ಟರೆ ಕಲೆ ಹೋಗಲಿಲ್ಲ. ಹೊಳಪಿನದು ಒಂದು ಸಲ ಒರೆಸಿದರೆ ಸ್ವಚ್ಛ. ಗಾಜಿನ ಜಾತಿಯೇ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಶಾಸ್ತ್ರದಲ್ಲಿ ಸನ್‌ಮೈಕ ಎಲ್ಲಿದೆ ಎಂದು ಕಶ್ಯಪ ಕೆಣಕಿದ, ನಿನ್ನ ಸ್ಕೂಟರು ಎಲ್ಲಿದೆಯೋ ಅಲ್ಲೇ ಇದೆ ಎಂದೆ. ಬಣ್ಣ ಹಾಲಿನ ಕೆನೆಯದು. ಈ ಅಡುಗೆಮನೆ ಕತ್ತಲೆ ಎಂದು ನೀನು ಬಂದ ಹೊಸದರಲ್ಲಿ ಒಮ್ಮೆ ಅಂದಿದ್ದೆ. ಕತ್ತಲೆ ನಿಜವೇ.

ಇನ್ನು ಅಳತೆ. ನನ್ನ ಹೊಲಿಗೆ ಪೆಟ್ಟಿಗೆಯ ಬಟ್ಟೆ ಟೇಪು ನಿನಗೆ ಗೊತ್ತಲ್ಲ, ಬೀದಿಯ ಹೆಂಗಸರ ರವಿಕೆಗೆಲ್ಲ ಅದರದೇ ಅಳತೆ. ಊರವರ ಮೈಮೇಲೆಲ್ಲ ಓಡಾಡಿದ ಟೇಪನ್ನು ಮಡಿಯಲ್ಲಿ ಹೇಗೆ ಮುಟ್ಟಲಿ? ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಗ್ಗೆ ಹಿಂಡಿ, ಮಡಿ ಸೀರೆಯ ಪಕ್ಕದಲ್ಲಿ ಕೋಲಿನಿಂದ ಗಳುವಿನ ಮೇಲೆ ಹಾಕಿ ಒಣಗಿಸಿದೆ. ಮಾರನೇ ದಿನ ಸ್ನಾನ ಮಾಡಿ ಮಡಿಯುಟ್ಟು, ಆರು ಚೌಕಟ್ಟನ್ನೂ ಎರಡೆರಡು ಸಲ ಅಳೆದು ಚೀಟಿಯಲ್ಲಿ ಬರೆದು ಅಂಗಡಿಗೆ ಕಳಿಸಿದೆ. ಹಲಗೆ ಕೊಯ್ದು ಬಂತು. ಜಗುಲಿಯ ಮೇಲೆ ಕೂತು ಫೆವಿಕಾಲ್ ಸವರಿ ಸನ್‌ಮೈಕ ಅಂಟಿಸಿದೆ, ಮೇಲೆ ಅಕ್ಕಿ ಚೀಲ, ರುಬ್ಬುಗುಂಡು, ಕಶ್ಯಪನ ಕಾಲೇಜು ಪುಸ್ತಕ, ಸಿಕ್ಕಿದ್ದನ್ನೆಲ್ಲ ಹೇರಿದೆ. ಕೀಲಿಗೆ ಸ್ಕ್ರೂ ಹಾಕುವಾಗ ಕೈ ಜಾರಿ ಹೆಬ್ಬೆರಳಿಗೆ ಚುಚ್ಚಿಕೊಂಡೆ, ಆ ಬಟ್ಟೆ ಕಥೆ ಇಷ್ಟೇ. ಎದುರುಮನೆಯ ನಾರಾಯಣಮ್ಮ ಬಂದು ಬಂದು ನೋಡಿಕೊಂಡು ಹೋದರು. ನನಗೆ ಜಂಬ ಬಂದಿತ್ತು, ಮುಚ್ಚುಮರೆ ಏಕೆ?

ಹೋದ ಶುಕ್ರವಾರ ಮೊದಲ ಬಾಗಿಲನ್ನು ಎತ್ತಿ ಚೌಕಟ್ಟಿಗೆ ಇಟ್ಟರೆ ಹಿಡಿಸಲಿಲ್ಲ. ಎರಡನೆಯದು ಹಿಡಿಸಲಿಲ್ಲ. ಆರೂ ಹಿಡಿಸಲಿಲ್ಲ, ಒಂದೊಂದೂ ಅರ್ಧ ಇಂಚು, ಮುಕ್ಕಾಲು ಇಂಚು ದೊಡ್ಡವು. ಅಂಗಡಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅಳತೆ ನೋಡಿ ಕೊಯ್ಯಲು ಬಾರದವರು ಅಂಗಡಿ ಏಕೆ ಇಟ್ಟಿದ್ದೀರಿ ಎಂದೆ, ಇನ್ನೂ ಏನೇನೋ ಅಂದೆ. ಬೈರಯ್ಯ ಮಧ್ಯಾಹ್ನದ ಹೊತ್ತಿಗೆ ಸೈಕಲ್ಲಿನಲ್ಲಿ ಬಂದರು. ನಡುಮನೆಯಲ್ಲಿ ನಿಂತು ತಮ್ಮ ಉಕ್ಕಿನ ಟೇಪಿನಿಂದ ಬಾಗಿಲು ಅಳೆದರು, ನನ್ನ ಚೀಟಿಯಲ್ಲಿ ಏನಿತ್ತೋ ಅದೇ, ಒಂದು ಕೂದಲೆಳೆ ಹೆಚ್ಚಿಲ್ಲ. ನಿಮ್ಮ ಟೇಪು ಕೊಡಿ ಎಂದರು. ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಹಾಸಿದರು. ನನ್ನ ಟೇಪಿನ ಇಪ್ಪತ್ತನಾಲ್ಕು ಇಂಚು ಅವರದರ ಇಪ್ಪತ್ತಮೂರೂಕಾಲಿಗೇ ಮುಗಿದಿತ್ತು. ಇದನ್ನು ನೆನೆಸಿದ್ದಿರಾ ಎಂದು ಕೇಳಿದರು. ಮಡಿ ಮಾಡಲು ನೆನೆಸಿದ್ದೆ ಎಂದೆ. ಸುಪ್ರಜಾ, ಅವರು ನಗಲಿಲ್ಲ, ಸ್ವಲ್ಪ ಕೆಮ್ಮಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಫೋನಿನಲ್ಲಿ ಅಂದ ಮಾತಿಗೆ ತಪ್ಪಾಯಿತು ಎಂದು ಹೇಳಿದೆ, ಹೇಳಲೇಬೇಕಿತ್ತು.

ಅಂಚಿನ ಪಟ್ಟಿ ಇನ್ನೂ ಹೊಡೆದಿರಲಿಲ್ಲ, ಅದೊಂದು ಪುಣ್ಯ. ಹೆಚ್ಚಾದದ್ದನ್ನು ಕೊಯ್ದು ಸರಿ ಮಾಡಬಹುದು ಎಂದರು. ಆದರೆ ಹಳೆಯ ಮನೆ, ಒಂದೊಂದು ಚೌಕಟ್ಟೂ ಒಂದೊಂದು ಸೊಟ್ಟ, ಅಲ್ಲೇ ಇಟ್ಟು ನೋಡಿ ನೋಡಿ ಕೊಯ್ಯಬೇಕು. ಅಂದರೆ ಅವರು ಅಡುಗೆಮನೆಯ ಒಳಗೆ ಬರಬೇಕು. ನಾನು ಹೊಸಿಲಿನ ಈಚೆಗೆ, ಅವರು ಆಚೆಗೆ. ಒಳಗೆ ಬನ್ನಿ ಬೈರಯ್ಯ ಎಂದೆ. ಅವರು ಕಾಲೆತ್ತಲಿಲ್ಲ.

"ಪರವಾಗಿಲ್ವಾ ಅಮ್ಮ? ನಾನು ಹೋದ್ಮೇಲೆ ನಿಮಗೆ ಎಲ್ಲಾ ತೊಳೆಯೋ ಕೆಲಸ" ಅಂದರು.

ಕೋಪದಿಂದ ಅಂದದ್ದಲ್ಲ, ಕೊಂಕೂ ಅಲ್ಲ. ಅಂಗಡಿ ಸೇರುವ ಮೊದಲು ಮೂವತ್ತು ವರ್ಷ ಬಸವನಗುಡಿ ಸುತ್ತಮುತ್ತಲ ಮನೆಗಳಲ್ಲಿ ಬಡಗಿ ಕೆಲಸ ಮಾಡಿದವರು, ತಾವು ಎದ್ದು ಹೋದ ಮೇಲೆ ಹಿಂದೆ ನೀರು ಸುರಿಯುವ ಸದ್ದು ಕೇಳಿದವರು, ಗೊತ್ತಿದ್ದದ್ದನ್ನು ಹೇಳಿದರು. ನನ್ನ ಶ್ರಮ ಉಳಿಸಲು ಹೇಳಿದರು. ಬನ್ನಿ ಎಂದು ಇನ್ನೊಂದು ಸಲ ಹೇಳಿದೆ. ಬಂದರು, ಗರಗಸ, ಉಜ್ಜುಗೊರಡು ಹಿಡಿದು ಮೂರು ಗಂಟೆ ಕೆಲಸ ಮಾಡಿದರು. ನಾನು ಬಾಗಿಲು ಹಿಡಿದುಕೊಂಡೆ, ಅವರು ಕೊಯ್ದರು. ನಡುವೆ ಹಳೆಯ ಬಾಗಿಲೊಂದನ್ನು ತಿರುಗಿಸಿ ಉಗುರಿನಿಂದ ಕೆದಕಿ ನೋಡಿದರು. "ಇದು ಗೆದ್ದಲಲ್ಲ ಅಮ್ಮ, ನೀರು. ದಿನಾ ನೀರು ಬಿದ್ದು ಬಿದ್ದು ಕೊಳೆತಿದೆ, ಇಲ್ದಿದ್ರೆ ಈ ಮರ ಇನ್ನೂ ನಲವತ್ತು ವರ್ಷ ಬರ್ತಿತ್ತು" ಅಂದರು. ಕಾಫಿ ಕೊಟ್ಟೆ, ಕುಡಿದರು, ಲೋಟ ತೊಳೆಯಲು ಅವರೇ ಎದ್ದರು. ಬೇಡ ಎಂದು ನಾನೇ ಈಸಿಕೊಂಡೆ.

ಅವರು ಹೋದ ಮೇಲೆ ಕೈ ತನ್ನ ಪಾಡಿಗೆ ತಾನು ಬಕೆಟ್ಟಿಗೆ ನೀರು ತುಂಬಿತು. ಅಭ್ಯಾಸ ನೋಡು. ತುಂಬಿದ ಬಕೆಟ್ಟು ಹಿಡಿದು ಹೊಸ ಬಾಗಿಲುಗಳ ಮುಂದೆ ನಿಂತೆ. ಹೋದ ಜೂನಿನ ಆ ಸಂಜೆ ಕಣ್ಣ ಮುಂದೆ ಬಂತು. ಮಾರನೇ ದಿನ ನಿನ್ನ ಮಾವನವರ ಶ್ರಾದ್ಧ, ಸಾಮಾನೆಲ್ಲ ಮಡಿಯಲ್ಲಿ ಜೋಡಿಸಿಟ್ಟಿದ್ದೆ. ನಿನಗೆ ಆರು ತಿಂಗಳು. ಆಫೀಸಿನಿಂದ ಬಂದವಳು ಹಸಿವು ತಾಳಲಾರದೆ ಅವಲಕ್ಕಿ ಡಬ್ಬಿಗೆಂದು ಬಾಗಿಲು ತೆಗೆದೆ. ನಾನು ಕೂಗಿದೆ. ಕೂಗಿದ್ದಷ್ಟೇ ಅಲ್ಲ, ನಿನ್ನ ಕಣ್ಣೆದುರೇ ಡಬ್ಬಿಗಳನ್ನೆಲ್ಲ ಇಳಿಸಿ ಆ ಬಾಗಿಲಿಗೆ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆದೆ. ನೀನು ಒಂದು ಲೋಟ ನೀರು ಕುಡಿದು ಹೋಗಿ ಮಲಗಿದೆ. ನಾನು ಊಟಕ್ಕೆ ಕರೆಯಲಿಲ್ಲ. ಒಂದು ತಿಂಗಳಿಗೆ ಸೀಮಂತವಾಯಿತು, ನೀನು ತೌರಿಗೆ ಹೋದೆ.

ಮುಕ್ಕಾಲು ಇಂಚು ಹಲಗೆಗಾಗಿ ಅಂಗಡಿಯವರನ್ನು ಒಳಗೆ ಕರೆದವಳು ಬಸುರಿ ಸೊಸೆಯನ್ನು ಹಸಿದ ಹೊಟ್ಟೆಯಲ್ಲಿ ಮಲಗಿಸಿದೆ. ಅದು ತಪ್ಪು. ಚಿಕ್ಕವರ ಹತ್ತಿರ ಹೀಗೆ ಹೇಳುವ ರೂಢಿ ನಮ್ಮ ಮನೆಯಲ್ಲಿ ಇಲ್ಲ, ನನ್ನ ಅತ್ತೆ ನನಗೆ ಯಾವತ್ತೂ ಹೇಳಲಿಲ್ಲ, ಹೇಳಬೇಕಾದ್ದು ಬೇಕಾದಷ್ಟಿತ್ತು. ನಾನು ಹೇಳುತ್ತಿದ್ದೇನೆ. ತಪ್ಪಾಯಿತು ಸುಪ್ರಜಾ. ಅವತ್ತು ಶ್ರಾದ್ಧದ ಗಡಿಬಿಡಿ ಇತ್ತು, ತಲೆನೋವಿತ್ತು ಎಂದು ಎಂಟು ತಿಂಗಳಿನಿಂದ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡಿದ್ದೇನೆ, ನಿನಗೆ ಅದನ್ನು ಹೇಳುವುದಿಲ್ಲ. ಬಕೆಟ್ಟಿನ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ ಬಂದೆ.

ನಿನ್ನೆ ಅಂಚಿನ ಪಟ್ಟಿ ಹೊಡೆದು, ಹಿಡಿ ಹಾಕಿ ಮುಗಿಸಿದೆ. ನಾಲ್ಕು ಬಾಗಿಲು ಸಲೀಸಾಗಿ ತೆರೆಯುತ್ತವೆ, ಐದನೆಯದು ಸ್ವಲ್ಪ ಉಜ್ಜುತ್ತದೆ, ಆರನೆಯದರ ಹಿಡಿ ಸೊಟ್ಟ. ನನ್ನ ಕೈಕೆಲಸ ಅಲ್ಲವೇ, ಇರಲಿ. ಇವತ್ತು ಕಶ್ಯಪ ಎದ್ದವನೇ ಹಲ್ಲುಜ್ಜದೆ ಬಂದು ಆರನ್ನೂ ತೆಗೆದು ತೆಗೆದು ಹಾಕಿದ, ನಾನು ಕಾಫಿ ಸೋಸುತ್ತಲೇ ಇದ್ದೆ. ಅವನೇ ಹೆದರಿ ನನ್ನ ಮುಖ ನೋಡಿದ. ಮಡಿಯನ್ನು ಪೂರ್ತಿ ಬಿಟ್ಟೆ ಎಂದು ಬರೆದರೆ ನೀನು ನಂಬುವುದಿಲ್ಲ, ನನಗೂ ಆಗುವುದಿಲ್ಲ. ಶ್ರಾದ್ಧಕ್ಕೆ, ಹಬ್ಬಕ್ಕೆ ದೇವರ ಮನೆಯಲ್ಲೇ ಒಂದು ಒಲೆ ಹೂಡಿಕೊಳ್ಳುತ್ತೇನೆ, ಅಲ್ಲಿ ನನ್ನ ಮಡಿ ನನಗೆ. ಅಡುಗೆಮನೆ ಅಂದರೆ ಅಡುಗೆಮನೆ, ಹಸಿದವರು ಬಂದು ಬಾಗಿಲು ತೆಗೆಯುವ ಜಾಗ. ಗಿರಿಜಾಂಬಾ ಅವರಿಗೂ ಹಾಗೇ ಹೇಳಿದೆ. ಅವರು ಫೋನ್ ಇಟ್ಟುಬಿಟ್ಟರು. ಒಂದು ವಾರ ಬಿಟ್ಟು ಅವರೇ ಮಾಡುತ್ತಾರೆ, ಅವರಿಗೂ ಮಾತಾಡಲು ಬೇರೆ ಯಾರಿದ್ದಾರೆ?

ಸನ್‌ಮೈಕದಲ್ಲಿ ಅಂಗೈಯಗಲ ಉಳಿದದ್ದನ್ನು ಇದರ ಜೊತೆ ಇಟ್ಟಿದ್ದೇನೆ, ಬಣ್ಣ ನೋಡು. ಇಷ್ಟವಾಗದಿದ್ದರೆ ಹೇಳು, ಹೇಗೆ ಕೀಳುವುದು ಎಂದು ಬೈರಯ್ಯನವರನ್ನು ಕೇಳುತ್ತೇನೆ. ನಿಮ್ಮ ತಂದೆತಾಯಿಯವರಿಗೆ ನನ್ನ ನಮಸ್ಕಾರ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಮಗುವಿನ ಜೊತೆಗೇ ಮಲಗಿ ಏಳು. ದೇವರು ನಿಮ್ಮಿಬ್ಬರನ್ನೂ ತಣ್ಣಗಿಡಲಿ.

ನಿನ್ನ ಅತ್ತೆ,
ಅಂಬುಜಮ್ಮ

ಮರೆತಿದ್ದೆ: ಅಂಚೆಯವನು ಪೆಟ್ಟಿಗೆ ಖಾಲಿ ಮಾಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗುರುವಾರ ಬೆಳಗ್ಗೆ ಏಳೂವರೆ ಬಸ್ಸಿಗೆ ನಾನೊಬ್ಬಳೇ ಹೊರಟು ಬರುತ್ತಿದ್ದೇನೆ, ಕಶ್ಯಪನಿಗೆ ಹೇಳಿಲ್ಲ. ಅಲ್ಲಿಯವರೆಗೆ ಅರ್ಜಿ ಕೊಡಬೇಡ, ಆಮೇಲೆ ನಿನ್ನ ಇಷ್ಟ, ನಾನು ಒಂದು ಮಾತೂ ಆಡುವುದಿಲ್ಲ. ನನಗೆಂದು ಬೇರೆ ಅಡುಗೆ ಬೇಡ, ನೀವು ಉಣ್ಣುವುದನ್ನೇ ಉಣ್ಣುತ್ತೇನೆ. ಬಸ್ಸಿನಿಂದ ಬಂದವಳು ಸ್ನಾನಕ್ಕೆ ನೀರೂ ಕೇಳುವುದಿಲ್ಲ, ಕೈಕಾಲು ತೊಳೆದುಕೊಂಡು ಬಂದ ತಕ್ಷಣ ಮಗುವನ್ನು ನನ್ನ ಕೈಗೆ ಕೊಡು. ನಾಮಕರಣದ ದಿನ ಮಡಿಯಲ್ಲಿದ್ದೆ ಎಂದು ದೂರ ಕೂತು ನೋಡಿ, ಸಂಜೆ ಬಸ್ಸಿಗೆ ವಾಪಸ್ ಬಂದುಬಿಟ್ಟೆ. ಐದು ತಿಂಗಳಾಯಿತು ಸುಪ್ರಜಾ, ನನ್ನ ಮೊಮ್ಮಗಳನ್ನು ನಾನು ಇನ್ನೂ ಎತ್ತಿಕೊಂಡಿಲ್ಲ.